ನೊಣ ಬರೆದದ್ದು, ಕಾಶಿಬಾಯಿ ಮೇಡಂ ಓದಿದ್ದು

ಜ್ಞಾನವು ಮನುಕುಲದ ಅಕ್ಷಯ ನಿಧಿ. ಅದನ್ನು ಶೋಧಿಸಿ, ಸಂಗ್ರಹಿಸಿ, ವರ್ಗೀಕರಿಸಿ ಮುಂದಿನ ತಲೆಮಾರಿಗೆ ದಾಟಿಸುವುದಕ್ಕಿಂತ ಪವಿತ್ರವಾದ ಕಾರ್ಯ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಈ ಮಾತು ನಮ್ಮ ಮಾಹಿತಿ ವಿಜ್ಞಾನ ಮತ್ತು ತಂತ್ರಜ್ಞಾನ ಸ್ನಾತಕೋತ್ತರ ಪದವಿಯ ಕರಡು ಪಠ್ಯಕ್ರಮದ ಮೊದಲ ಪುಟದಲ್ಲಿತ್ತು. ಮೂರನೆಯ ಪುಟದಲ್ಲಿ, ಎರಡನೆಯ ಸೆಮಿಸ್ಟರಿನ ವಿದ್ಯಾರ್ಥಿಗಳು ‘ಸಮೀಪದ ಮೀನುಗಾರಿಕಾ ಬಂದರಿಗೆ’ ಭೇಟಿ ಕೊಟ್ಟು ಅಲ್ಲಿಯ ಮಾಹಿತಿ ವ್ಯವಸ್ಥೆಯನ್ನು ಅಧ್ಯಯನ ಮಾಡತಕ್ಕದ್ದು ಎಂದಿತ್ತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮಕ್ಕಳಿಗಾಗಿ ತೆರೆಯಲಿದ್ದ ಸ್ನಾತಕೋತ್ತರ ಕೇಂದ್ರದ ಪಠ್ಯಕ್ರಮ ಅದು. ಈ ಐದೂ ಊರುಗಳಿಂದ ಸಮುದ್ರ ಎಷ್ಟು ದೂರ ಎಂಬ ಪ್ರಶ್ನೆ ಪಠ್ಯಕ್ರಮ ಸಮಿತಿಯ ಯಾರನ್ನೂ ಕಾಡಲಿಲ್ಲ. ನನ್ನನ್ನೂ ಕಾಡಲಿಲ್ಲ. ನಾನು ಕನ್ನಡ ಅಧ್ಯಾಪಕ. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಸಮಿತಿಯ ಕಾರ್ಯದರ್ಶಿಯಾಗಿದ್ದೆ. ಚಹಾ ತರಿಸುವುದು, ನಡಾವಳಿ ಬರೆಯುವುದು ನನ್ನ ಕೆಲಸ. ಸಾಲುಸಾಲಾಗಿ ಓದುತ್ತಿದ್ದವರು ಕಾಶಿಬಾಯಿ ಮೇಡಂ ಒಬ್ಬರೇ. ಅವರು ಒಂದು ಬೆಂಕಿಕಡ್ಡಿಯನ್ನು ಆ ಸಾಲಿನ ಕೆಳಗೆ ಅಡ್ಡ ಇಟ್ಟು, ತಲೆ ಎತ್ತದೆ ಕೇಳಿದರು:

“ಅಧ್ಯಕ್ಷರ, ಇದನ್ನ ಯಾರ್ ಬರದಾರ್ರಿ?”

ದೊಡ್ಡ ಊರಿನಿಂದ ಕಾರಿನಲ್ಲಿ ಬಂದಿದ್ದ ಅಧ್ಯಕ್ಷರು ನಕ್ಕರು. “ಸಮಿತಿಯೇ ಸಿದ್ಧಪಡಿಸಿದ್ದು, ಮೇಡಂ.”

“ಸಮಿತಿ ಅಂದ್ರ ನಾವೇ ಅಲ್ರಿ? ನಾ ಬರದಿಲ್ಲ. ಈ ಕನ್ನಡ ಸರ್ ಬರದಿಲ್ಲ, ಅವ್ರು ಬರೇ ಚಹಾಕ್ಕ ಹೇಳ್ಯಾರ. ನೀವು ಬರದೀರೇನು?”

“ಒಂದು ಮಾದರಿಯನ್ನು ಆಧರಿಸಿದ್ದೇವೆ.”

“ಆ ಮಾದರಿಗೆ ಸಮುದ್ರ ಅದ, ನಮಗ ಇಲ್ಲ. ಕಾಗಿಣಾ ಹೊಳ್ಯಾಗ ಮೀನ ಸಿಗ್ತಾವ, ಖರೇ. ಆದ್ರ ಅವು ಕಂಪ್ಯೂಟರ್ ಬಳಸೂದು ನಾ ನೋಡಿಲ್ರಿ.”

ಗಂಭೀರ ಚರ್ಚೆಯ ನಂತರ ‘ಮೀನುಗಾರಿಕಾ ಬಂದರು’ ಎಂಬುದನ್ನು ಹೊಡೆದು ‘ಸೂಕ್ತ ಸ್ಥಳ’ ಎಂದು ತಿದ್ದಲಾಯಿತು. ಪಠ್ಯಕ್ರಮ ರಚನೆಯೆಂಬ ತಪಸ್ಸು ನಮ್ಮಲ್ಲಿ ಸಾಮಾನ್ಯವಾಗಿ ಈ ಎತ್ತರವನ್ನು ಮುಟ್ಟಿ ನಿಲ್ಲುತ್ತದೆ.

ಕಾಶಿಬಾಯಿ ಮೇಡಂ ಸೇಡಂನ ನಮ್ಮ ಪದವಿ ಕಾಲೇಜಿನ ಗ್ರಂಥಪಾಲಕಿ. ಕುಳ್ಳಗಿನ ಆಳು, ಇಳಕಲ್ಲ ಸೀರೆ, ಹಣೆಗೆ ವಿಭೂತಿ, ಕೈಚೀಲದಲ್ಲಿ ಯಾವಾಗಲೂ ಒಂದು ಬೆಂಕಿಪೊಟ್ಟಣ. ಅವರು ಒಲೆ ಹಚ್ಚಲಿಕ್ಕೆ ಅದನ್ನು ಬಳಸಿದ್ದನ್ನು ಕಂಡವರಿಲ್ಲ. ಹಳೆಯ ಕಾಗದವನ್ನು ಬೆರಳಿನಿಂದ ಮುಟ್ಟಬಾರದು, ಪೆನ್ನಿನಿಂದಂತೂ ತೋರಿಸಲೇಬಾರದು ಎಂಬುದು ಅವರ ಧರ್ಮಶಾಸ್ತ್ರ. “ಬೆರಳಿಗೆ ಬೆವರ ಇರ್ತದ, ಪೆನ್ನಿಗೆ ಮಸಿ ಇರ್ತದ. ಕಡ್ಡಿಗೆ ಏನೂ ಇರಂಗಿಲ್ರಿ, ಅದು ಬಡವರ ಮಗ ಇದ್ದಂಗ” ಎನ್ನುತ್ತಿದ್ದರು. ನಮ್ಮ ಬಿಸಿಲಿನಲ್ಲಿ ಬೆರಳು ಬೆವರದ ತಿಂಗಳು ಎರಡೋ ಮೂರೋ. ಆದ್ದರಿಂದ ಆ ಶಾಸ್ತ್ರಕ್ಕೆ ಆಧಾರವಿರಲಿಲ್ಲ ಎನ್ನಲಾಗದು.

ಅವರ ಎರಡನೆಯ ಲಕ್ಷಣ ಆ ಪ್ರಶ್ನೆ. ಏನೇ ತೋರಿಸಿ, “ಯಾರ್ ಬರದಾರ?” ಪತ್ರಿಕೆಯ ಸುದ್ದಿಗೂ ಅದೇ, ಸುತ್ತೋಲೆಗೂ ಅದೇ. ಮೊಬೈಲಿನಲ್ಲಿ ಬಂದ ಆರೋಗ್ಯದ ಸಲಹೆಯೊಂದನ್ನು ಯಾರೋ ಸಹೋದ್ಯೋಗಿ ಭಕ್ತಿಯಿಂದ ಓದಿ ಹೇಳಿದಾಗಲೂ ಅದೇ. ಉತ್ತರ ಸಿಗದಿದ್ದರೆ ಕಾಗದವನ್ನು ಮಡಚಿ ವಾಪಸು ಕೊಟ್ಟು, “ತಂದಿ ಇಲ್ಲದ ಮಾತು. ಇಟ್ಗೊಳ್ರಿ” ಎನ್ನುತ್ತಿದ್ದರು. ಪ್ರಾಂಶುಪಾಲರು ಅವರ ಎದುರಿಗೆ ಸುತ್ತೋಲೆ ಹೊರಡಿಸುವುದನ್ನೇ ಕಡಿಮೆ ಮಾಡಿದ್ದರು. ಕಾಲೇಜಿಗೆ ಅದರಿಂದ ಲಾಭವೇ ಆಯಿತು.

ಮೂರನೆಯದು ನಮ್ಮಲ್ಲಿ ಈಗ ಅಪರೂಪವಾದ ವಿದ್ಯೆ. ಮೇಡಂ ಗುಂಡಗುರ್ತಿಯವರು. ಅವರ ಅಜ್ಜ ನಿಜಾಮರ ಕಾಲದಲ್ಲಿ ಊರ ಹೊಲಗಳ ದಾಖಲೆ ಬರೆಯುತ್ತಿದ್ದ ಪಟವಾರಿ. ಆಗಿನ ದಾಖಲೆಗಳೆಲ್ಲ ಉರ್ದುವಿನಲ್ಲಿ. ಮುಂಜಾನೆ ಇಷ್ಟಲಿಂಗ ಪೂಜೆ ಮುಗಿಸಿ, ಎರಡು ವಚನ ಹೇಳಿಸಿ, ಅದೇ ಮಣೆಯ ಮೇಲೆ ಕೂತು ಅಜ್ಜ ಮೊಮ್ಮಗಳಿಗೆ ಅಲಿಫ್, ಬೇ ತಿದ್ದಿಸುತ್ತಿದ್ದನಂತೆ. ಹೀಗಾಗಿ ಇಡೀ ಸೀಮೆಯಲ್ಲಿ ಹಳೆಯ ಕೈಬರಹದ ಉರ್ದು ದಾಖಲೆಗಳನ್ನು ಸರಾಗವಾಗಿ ಓದಬಲ್ಲವರು ನನಗೆ ಗೊತ್ತಿದ್ದಂತೆ ಇವರೊಬ್ಬರೇ ಉಳಿದಿದ್ದರು. ಮಾಹಿತಿ ವಿಜ್ಞಾನದ ಯಾವ ಪದವಿಯಲ್ಲೂ ಇದಕ್ಕೆ ಅಂಕವಿಲ್ಲ. ಅಲ್ಲಿಂದಲೇ ನನ್ನ ಸಿಟ್ಟು ಶುರು.

ರೇಣುಕಾ ಎಂಬ ಹುಡುಗಿ ನಮ್ಮ ಕಾಲೇಜಿನಲ್ಲಿ ಬಿಎಸ್‌ಸಿ ಓದುತ್ತಿದ್ದಳು. ಚಿಂಚೋಳಿ ಕಡೆಯವಳು, ಮಾತಿನ ನಡುವೆ ತೆಲುಗು ನುಸುಳುವ, ಹೆದರದ ಹುಡುಗಿ. ಹೊಲ ಅವಳ ಮುತ್ತಜ್ಜ ನಾಗಪ್ಪನ ಹೆಸರಿನಲ್ಲಿತ್ತು. ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು ಹೋದರೆ ಕಂಪ್ಯೂಟರಿನಲ್ಲಿ ನಾಗಪ್ಪ ಇರಲಿಲ್ಲ. ಅಷ್ಟೇ ಎಕರೆ, ಅದೇ ಗಡಿ, ಅದೇ ಬೇವಿನ ಗಿಡ. ಹೆಸರು ಮಾತ್ರ ಬಾಗಪ್ಪ. ಮೇಡಂ ಅವಳನ್ನೂ ನನ್ನನ್ನೂ ಬಸ್ಸು ಹತ್ತಿಸಿಕೊಂಡು ಒಂದು ಕಚೇರಿಗೆ ಹೋದರು. ಯಾವ ಕಚೇರಿ ಎಂದು ಹೇಳುವುದಿಲ್ಲ. ಕಚೇರಿಗಳಿಗೆ ಮನಸ್ಸು ಬಲು ಮೃದು.

“ನಾಗಪ್ಪ ಅಂತ ಯಾರೂ ಇಲ್ರಿ ಬಾಯೋರ” ಎಂದ ಕಾರಕೂನ. “ಬಾಗಪ್ಪ ಇದ್ದಾನ. ನೀವು ಬಾಗಪ್ಪನ ಮಂದಿ ಆಗಿದ್ರ ಹೇಳ್ರಿ, ಈಗ ಮಾಡಿ ಕೊಡ್ತೀನಿ.”

“ನಮ್ ಮನ್ಯಾಗ ಬಾಗಪ್ಪ ಅನ್ನೋರು ಹುಟ್ಟೇ ಇಲ್ರಿ” ಎಂದಳು ರೇಣುಕಾ.

“ಹಂಗಾದ್ರ ಹೊಲ ನಿಮ್ದಲ್ಲ ಬಿಡವ್ವ. ಕಂಪ್ಯೂಟರ್ ಸುಳ್ ಹೇಳ್ತದೇನು?”

“ಕಂಪ್ಯೂಟರ್ ಏನೂ ಹೇಳಂಗಿಲ್ಲಪ್ಪ. ಹೇಳಿಕೊಟ್ಟಿದ್ದು ಹೇಳ್ತದ. ಯಾರ್ ಬರದಾರ ಇದನ್ನ?” ಎಂದು ಮೇಡಂ ಶುರುಮಾಡಿದರು.

“ಯಾರೋ ಏಜೆನ್ಸಿಯವ್ರು ಬಂದಿದ್ರು, ಹಾಕಿ ಹೋದ್ರು.”

“ಅವ್ರಿಗೆ ಉರ್ದು ಬರ್ತಿತ್ತೇನು?”

“ಟೈಪಿಂಗ್ ಬರ್ತಿತ್ರಿ.”

“ಮೂಲ ತೋರಸ್ರಿ.”

“ಅದು ಉರ್ದುನಾಗ ಅದ. ಯಾರ್ ಓದ್ತಾರ್ರಿ?”

“ನಾ ಓದ್ತೀನಿ. ನೀವು ಬರೇ ಕಪಾಟ ತಗೀರಿ.”

ಕಪಾಟು ತೆರೆಯಲು ಅರ್ಧ ದಿನ ಹಿಡಿಯಿತು. ಬೀಗದ ಕೈ ಇದ್ದವರು ಊಟಕ್ಕೆ ಹೋಗಿದ್ದರು, ಊಟ ಮುಗಿಸಿದವರು ಮೀಟಿಂಗಿಗೆ ಹೋದರು. ಕಡೆಗೂ ಹಳದಿಯಾದ ಹಾಳೆ ಮೇಜಿಗೆ ಬಂತು. ಮೇಡಂ ಮೊದಲು ರೇಣುಕಾಳಿಗೆ ಮೊಬೈಲಿನಲ್ಲಿ ಅದರ ಫೋಟೋ ತೆಗೆಯಲು ಹೇಳಿದರು. ಆಮೇಲೆ ಕಡ್ಡಿ ಹೊರಗೆ ಬಂತು.

ಉರ್ದು ಬಾರದವರಿಗಾಗಿ ಒಂದು ಮಾತು. ಆ ಲಿಪಿಯಲ್ಲಿ ಹೆಸರಿನ ಮೊದಲಿಗೆ ಬರುವ ‘ನ’ಕ್ಕೂ ‘ಬ’ಕ್ಕೂ ಮೈಕಟ್ಟು ಒಂದೇ. ಚುಕ್ಕಿ ಮೇಲಿದ್ದರೆ ನ, ಕೆಳಗಿದ್ದರೆ ಬ. ಆ ಹಾಳೆಯಲ್ಲಿ ಮೇಲೊಂದು ಚುಕ್ಕಿ ಮಾಸಿ, ಇದೆಯೋ ಇಲ್ಲವೋ ಎನ್ನುವಂತಿತ್ತು. ಕೆಳಗೊಂದು ಚುಕ್ಕಿ ಕಪ್ಪಗೆ, ದುಂಡಗೆ, ಬಹಳ ಆತ್ಮವಿಶ್ವಾಸದಿಂದ ಕೂತಿತ್ತು. ಮೇಡಂ ಕೆಳಗಿನ ಚುಕ್ಕಿಗೆ ಕಡ್ಡಿಯ ತುದಿಯನ್ನು ಮೆಲ್ಲಗೆ ತಾಗಿಸಿದರು. ಅದು ಎದ್ದು ಉರುಳಿತು.

“ಏ ಏ ಏ! ಸರ್ಕಾರಿ ದಾಖಲಿ ತಿದ್ದಾಕತ್ತೀರಲ್ರಿ!” ಎಂದು ಕಾರಕೂನ ಕುರ್ಚಿಯಿಂದ ಎದ್ದ.

“ಕುಂದ್ರಪ್ಪ. ತಿದ್ದಿಲ್ಲ. ಮಸಿ ಆಗಿದ್ರ ಕಾಗದ ಹಿಡಕೊಂಡಿರ್ತಿತ್ತು. ಇದು ನೊಣ ಕುಂತು ಎದ್ದು ಹೋದ ಜಾಗ. ನಾಗಪ್ಪನ್ನ ಬಾಗಪ್ಪ ಮಾಡಿದ್ದು ಒಂದು ನೊಣ. ಅದೇನು ಸರ್ಕಾರಿ ನೌಕರ ಅಲ್ಲ, ಅದರ ಸಹಿ ನಡ್ಯಂಗಿಲ್ಲ.”

ಕಾರಕೂನ ತಾನೂ ನಕ್ಕ. ಆದರೆ ನಗು ದಾಖಲೆಯಲ್ಲಿ ಸೇರುವುದಿಲ್ಲ. ಎಂಟು ತಿಂಗಳು ಅರ್ಜಿ, ಪ್ರಮಾಣಪತ್ರ, ಜಾಹೀರಾತು ಎಲ್ಲ ಆದ ಮೇಲೆ ಕಂಪ್ಯೂಟರಿನಲ್ಲಿ ತಿದ್ದುಪಡಿ ಬಂತು: ‘ನಾಗಪ್ಪ ಉರ್ಫ್ ಬಾಗಪ್ಪ’. ನೊಣವನ್ನು ಅಳಿಸಲು ವ್ಯವಸ್ಥೆಯಲ್ಲಿ ಅವಕಾಶವಿರಲಿಲ್ಲವಂತೆ, ಸೇರಿಸಲು ಇತ್ತು. ಸತ್ತ ಮೇಲೆ ಒಂದು ಅಲಿಯಾಸ್ ಪಡೆದ ಮುತ್ತಜ್ಜನನ್ನು ನೆನೆದು ನಾವೆಲ್ಲ ನಕ್ಕೆವು. ಮೇಡಂ ನಗಲಿಲ್ಲ.

“ನಾ ಎಷ್ಟ್ ಕಪಾಟಿಗಂತ ಹೋಗ್ಲಿ ಸರ್? ಆ ಹುಡುಗಿ ಕೇಳಿದಳು, ಸಿಕ್ತು. ಕೇಳದೇ ಇದ್ದವ್ರು ಎಷ್ಟ್ ಮಂದಿ ಬಾಗಪ್ಪ ಆಗಿ ಕುಂತಾರೋ! ನಾವು ಡೇಟಾ ಡೇಟಾ ಅಂತ ಪದವಿ ಕೊಡಾಕತ್ತೀವಿ. ಆ ಡೇಟಾದಾಗ ನೊಣ ಎಷ್ಟು, ಮಸಿ ಎಷ್ಟು ಅಂತ ನೋಡೋ ಮಂದಿ ಎಲ್ಲಿ?”

ಆ ಪ್ರಶ್ನೆಯಿಂದ ಹುಟ್ಟಿದ್ದು ಹೊಸ ಪದವಿಗಾಗಿ ಅವರು ರೂಪಿಸಿದ ಒಂದು ಪತ್ರಿಕೆ. ಹೆಸರು ‘ಮೂಲ ದಾಖಲೆ ಓದು’. ಮೊದಲ ಸೆಮಿಸ್ಟರಿನಲ್ಲಿ, ಎಲ್ಲರಿಗೂ ಕಡ್ಡಾಯ. ಗ್ರಂಥಾಲಯದ ಹಳೆಯ ಸೂಚಿ ಕಾರ್ಡುಗಳ ಬೆನ್ನ ಮೇಲೆ ಅವರು ಅದನ್ನು ಬರೆದು ತಂದರು. ನಾನು ಇವತ್ತಿನವರೆಗೆ ಓದಿದ ಪಠ್ಯಕ್ರಮಗಳಲ್ಲಿ ಎಲ್ಲಿಂದಲೂ ಕದಿಯದೇ ಇದ್ದದ್ದು ಅದೊಂದೇ. ವಿದ್ಯಾರ್ಥಿಗಳು ಮೊದಲ ತಿಂಗಳು ಕಂಪ್ಯೂಟರ್ ಮುಟ್ಟುವಂತಿಲ್ಲ. ಶಹಾಬಾದಿನ ಕಲ್ಲುಗಣಿಗಳ ಹಳೆಯ ಹಾಜರಿ ಪುಸ್ತಕ, ವಾಡಿ ಜಂಕ್ಷನ್ನಿನ ಸರಕು ರಿಜಿಸ್ಟರು, ಚಿತ್ತಾಪುರದ ಕೋರ್ಟಿನ ನಕಲು, ಚಿಂಚೋಳಿ ಗಡಿಯ ತೆಲುಗು-ಕನ್ನಡ ಬೆರಕೆ ಖರೀದಿ ಪತ್ರ, ಸೇಡಂನ ಮನೆಮನೆಗಳ ಉರ್ದು ಕಾಗದ: ಇವುಗಳಲ್ಲಿ ಒಂದನ್ನು ಹಿಡಿದು ಕೂರಬೇಕು. ಬರೆದವನು ಯಾರು, ಯಾರಿಗಾಗಿ ಬರೆದ, ಯಾರು ನಕಲು ಮಾಡಿದರು, ಎಲ್ಲಿ ಜಾರಿದರು ಎಂದು ಹುಡುಕಬೇಕು. ಎರಡನೆಯ ತಿಂಗಳಿಗೆ ಡೇಟಾಬೇಸ್ ಕಟ್ಟಬೇಕು. ಅದರಲ್ಲಿ ಒಬ್ಬ ಮನುಷ್ಯನ ಹೆಸರಿಗೆ ಒಂದೇ ಕಾಲಂ ಇಟ್ಟವರು ಫೇಲು.

“ಒಂದೇ ಕಾಲಂ ಇಟ್ರ ಮನಷ್ಯಾಗ ಒಂದೇ ಹೆಸರ್ ಆಗ್ತದ. ನಮ್ ಕಡಿ ಒಬ್ಬಂಗ ನಾಕ್ ಹೆಸರ್ ಇರ್ತಾವ. ಮನ್ಯಾಗೊಂದು, ಸಾಲ್ಯಾಗೊಂದು, ಉರ್ದುದಾಗೊಂದು, ರೇಶನ್ ಕಾರ್ಡಿನ್ಯಾಗೊಂದು. ನಾಕೂ ಬರೀರಿ. ಯಾವುದನ್ನ ಯಾರ್ ಬರದ್ರು ಅಂತ ಬಾಜೂಕ ಇನ್ನೊಂದು ಕಾಲಂ ಹಾಕ್ರಿ. ಇಷ್ಟ ಮಾಡಿದ್ರ ಸಾಕ್ರಿ, ನಾ ಮತ್ತೇನೂ ಕೇಳಂಗಿಲ್ಲ.”

ಬಿಎಸ್‌ಸಿ ಮುಗಿಸಿದ್ದ ರೇಣುಕಾ ಈ ಪತ್ರಿಕೆ ಇದ್ದರೆ ಸೇರುತ್ತೇನೆ ಎಂದು ಕಾದಿದ್ದಳು. ಮೇಡಂ ನಿವೃತ್ತಿಗೆ ಇನ್ನು ಒಂದೂವರೆ ವರ್ಷವಿತ್ತು. ಪತ್ರಿಕೆ ಒಪ್ಪಿಗೆಯಾದರೆ ಕನಿಷ್ಠ ಒಂದು ತಂಡಕ್ಕೆ ಆ ಓದನ್ನು ಕೈಯಿಂದ ಕೈಗೆ ದಾಟಿಸಬಹುದು. ಆಗದಿದ್ದರೆ ಅದು ಅವರ ಕಣ್ಣುಗಳ ಜೊತೆಗೆ ಮುಗಿಯುತ್ತದೆ. ಇದು ಸಮಿತಿಯ ಎಲ್ಲರಿಗೂ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ನಾನು ಒತ್ತಿ ಬರೆಯುತ್ತಿದ್ದೇನೆ.

ಎರಡನೆಯ ಸಭೆಯಲ್ಲಿ ಅಧ್ಯಕ್ಷರು ಕಾರ್ಡುಗಳನ್ನು ಇಸ್ಪೀಟಿನಂತೆ ಒಮ್ಮೆ ಜಾರಿಸಿ ನೋಡಿ, “ಭಾವನೆ ಅರ್ಥವಾಗುತ್ತದೆ ಮೇಡಂ. ಆದರೆ ಇಂಡಸ್ಟ್ರಿ ಇದನ್ನು ಕೇಳುವುದಿಲ್ಲ. ಈಗ ಇದನ್ನೆಲ್ಲ ಸಾಫ್ಟ್‌ವೇರೇ ಓದುತ್ತದೆ” ಎಂದರು. ಮೊಬೈಲು ತೆಗೆದು, “ಬೇಕಾದರೆ ನಿಮ್ಮ ಆ ಹಾಳೆ ಕೊಡಿ” ಎಂದರು.

ಮೇಡಂ ರೇಣುಕಾ ತೆಗೆದಿದ್ದ, ನೊಣದ ಗುರುತಿನ್ನೂ ಇದ್ದ ಆ ಫೋಟೋದ ಪ್ರತಿಯನ್ನು ಮುಂದಿಟ್ಟರು. ಅಧ್ಯಕ್ಷರು ಮೊಬೈಲು ಹಿಡಿದರು. ಕ್ಷಣದಲ್ಲಿ ಪರದೆಯ ಮೇಲೆ ಅಚ್ಚುಕಟ್ಟಾಗಿ ಮೂಡಿತು: ಬಾಗಪ್ಪ.

“ನೋಡಿ! ಎರಡೇ ಸೆಕೆಂಡು!”

“ಎರಡ್ ಸೆಕೆಂಡ್‌ನ್ಯಾಗ ತಪ್ಪು” ಎಂದರು ಮೇಡಂ. “ಏಜೆನ್ಸಿಯವ್ರಿಗೆ ತಪ್ಪ್ ಮಾಡ್ಲಿಕ್ಕೆ ಎರಡ್ ದಿನ ಹಿಡದಿತ್ತು. ಪ್ರಗತಿ ಆಗ್ಯದ, ಇಲ್ಲ ಅನ್ನಂಗಿಲ್ಲ.”

ಕೋಣೆಯಲ್ಲಿ ಇಬ್ಬರು ನಕ್ಕರು; ಅಧ್ಯಕ್ಷರು ನಗದಿರುವುದನ್ನು ಕಂಡು ನಿಲ್ಲಿಸಿದರು. ಅಲ್ಲಿಂದ ಚರ್ಚೆ ನಿಯಮಗಳ ಕಡೆಗೆ ತಿರುಗಿತು. ನಮ್ಮಲ್ಲಿ ವಾದದಲ್ಲಿ ಸೋತವರು ಹೋಗಿ ಅಡಗುವ ಕೋಟೆ ಅದು. ಸ್ನಾತಕೋತ್ತರ ಪತ್ರಿಕೆಯನ್ನು ಆ ವಿಷಯದಲ್ಲಿ ಪಿಎಚ್‌ಡಿ ಆದವರೇ ಕಲಿಸಬೇಕು. ಆ ವಿಷಯ ಎಲ್ಲಿಯೂ ಇಲ್ಲದ ಕಾರಣ ಅದರಲ್ಲಿ ಪಿಎಚ್‌ಡಿ ಆದವರಿಲ್ಲ. ಪಿಎಚ್‌ಡಿ ಆದವರಿಲ್ಲದ ಕಾರಣ ಆ ವಿಷಯ ಎಲ್ಲಿಯೂ ಇರಕೂಡದು. ಈ ತರ್ಕದ ಸೌಂದರ್ಯಕ್ಕೆ ಸದಸ್ಯರು ಮಾರುಹೋದರು. ‘ಅರ್ಹ ಬೋಧಕರು ಲಭ್ಯರಿಲ್ಲ’ ಎಂದು ತೀರ್ಮಾನವಾಯಿತು. ಅರ್ಹ ಬೋಧಕರು ಅದೇ ಮೇಜಿನ ಮೂರನೆಯ ಕುರ್ಚಿಯಲ್ಲಿ ಕೂತು, ತಣ್ಣಗಾದ ಚಹಾ ಕುಡಿಯುತ್ತಿದ್ದರು.

ಮೇಡಂ ಒಂದೇ ಒಂದು ಕೇಳಿದರು: ತಮ್ಮ ವಿರೋಧವನ್ನು ಕಾರಣದ ಸಮೇತ ನಡಾವಳಿಯಲ್ಲಿ ಬರೆಯಬೇಕು. ಆಗಲಿ ಎಂದರು ಅಧ್ಯಕ್ಷರು, ನನ್ನತ್ತ ಒಂದು ನೋಟ ಬೀರಿ. ಆ ನೋಟದ ಅರ್ಥ ನನಗೆ ತಿಳಿಯಿತು. ನಾನು ಹೀಗೆ ಬರೆದೆ: ‘ಮೂಲ ದಾಖಲೆ ಓದು ಪತ್ರಿಕೆಯ ಕುರಿತು ಚರ್ಚಿಸಲಾಯಿತು. ಕೈಬಿಡಲು ನಿರ್ಧರಿಸಲಾಯಿತು.’

ಮರುದಿನ ಮೇಡಂ ಗ್ರಂಥಾಲಯದಲ್ಲಿ ಅದನ್ನು ಓದಿದರು. ಕಡ್ಡಿ ಮೊದಲ ವಾಕ್ಯದ ತುದಿಗೆ ಬಂದು ನಿಂತಿತು.

“ಚರ್ಚಿಸಲಾಯಿತು. ಯಾರ್ ಚರ್ಚಿಸಿದ್ರು ಸರ್?”

“ಅದು ನಡಾವಳಿಯ ಭಾಷೆ, ಮೇಡಂ.”

“ನಿರ್ಧರಿಸಲಾಯಿತು. ಯಾರ್ ನಿರ್ಧಾರ ಮಾಡಿದ್ರು? ಮಕ್ಕಳಿಗೆ ವ್ಯಾಕರಣ ಕಲಸೋರು ನೀವು. ಈ ವಾಕ್ಯದಾಗ ಕರ್ತೃ ಎಲ್ಲಿ ಅದಾನ, ತೋರಸ್ರಿ.”

ಮೂವತ್ತು ವರ್ಷ ಕರ್ಮಣಿ ಪ್ರಯೋಗ ಕಲಿಸಿದ ನನಗೆ ಅದು ಯಾತಕ್ಕೆ ಬಳಕೆಯಾಗುತ್ತದೆ ಎಂಬುದು ಅವತ್ತು ತಿಳಿಯಿತು. ಯಾರೂ ಮಾಡದೆ ಎಲ್ಲವೂ ಆಗಿಹೋಗುವ ಲೋಕವೊಂದಿದೆ. ನಾನು ಅದರ ಗುಮಾಸ್ತ. “ತಿದ್ದಿ ಬರೆಯುತ್ತೇನೆ” ಎಂದೆ. ಬರೆದೆ ಕೂಡ. ಅಧ್ಯಕ್ಷರು ಅದರ ಮೇಲೆ ಒಂದು ಗೀಟು ಎಳೆದು ಹಳೆಯದನ್ನೇ ಕಳಿಸಲು ಹೇಳಿದರು. ನಾನು ಹಳೆಯದನ್ನೇ ಕಳಿಸಿದೆ. ಅವರ ಮೇಲೆ ಎಷ್ಟು ಸಿಟ್ಟಿದೆಯೋ ಅದರಲ್ಲಿ ಒಂದು ಪಾಲು ನನ್ನದು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಇದನ್ನು ಮೇಡಂಗೂ ಹೇಳಿದೆ. “ಹೇಳಿದ್ರಲ್ಲ, ಸಾಕು” ಎಂದು ಪುಸ್ತಕಗಳ ಧೂಳು ಹೊಡೆಯಲು ಎದ್ದರು.

ಕೋರ್ಸು ಶುರುವಾಯಿತು. ರೇಣುಕಾ ಸೇರಲಿಲ್ಲ, ಕಾಳಗಿಯಲ್ಲಿ ಒಂದು ಶಾಲೆಗೆ ಗಣಿತ ಕಲಿಸಲು ಹೋದಳು. ಮೇಡಂ ನಿವೃತ್ತರಾದ ಮೇಲೆ, ವಾರಕ್ಕೆರಡು ದಿನ ಸಂಬಳವಿಲ್ಲದೆ ಬಂದು ಕಲಿಸುತ್ತೇನೆ, ಪತ್ರಿಕೆ ಎಂದು ಕರೆಯಬೇಕಿಲ್ಲ, ಅಂಕವೂ ಬೇಡ ಎಂದು ಕೇಂದ್ರಕ್ಕೆ ಒಂದು ಕಾಗದ ಬರೆದರು. ‘ಸದರಿ ಕೋರಿಕೆಗೆ ನಿಯಮಾವಳಿಯಲ್ಲಿ ಅವಕಾಶವಿರುವುದಿಲ್ಲ’ ಎಂಬ ಉತ್ತರ ಬಂತು. ಸಂಬಳ ಪಡೆದು ಕಲಿಸದಿರಲು ನಿಯಮಾವಳಿಯಲ್ಲಿ ಧಾರಾಳ ಅವಕಾಶವಿರುವುದನ್ನು ಮೂವತ್ತು ವರ್ಷ ಕಂಡಿದ್ದ ನನಗೆ ಆ ದಿನ ಮೈ ಉರಿಯಿತು.

ಕೊನೆಯ ಸಲ ಅವರು ಸಿಕ್ಕಿದ್ದು ವಾಡಿ ಸ್ಟೇಷನ್ನಿನಲ್ಲಿ. ಬೆಳಗಿನ ಹತ್ತು ಗಂಟೆ, ಗಾಡಿ ತಡವಾಗಿತ್ತು. ತಂಗಿಯ ಜೊತೆ ಕಣ್ಣಿನ ಆಸ್ಪತ್ರೆಗೆ ಹೊರಟಿದ್ದರು. ನಾನು ಅಧ್ಯಕ್ಷರನ್ನು, ಕೇಂದ್ರವನ್ನು, ನಿಯಮಾವಳಿಯನ್ನು ವರ್ಣಮಾಲೆಯ ಕ್ರಮದಲ್ಲಿ ಬೈಯುತ್ತ ನಿಂತೆ. ಅವರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟರು.

“ಕುಂದ್ರಿ ಸರ್. ನನ್ ಸಲುವಾಗಿ ಸಿಟ್ಟ್ ಮಾಡಬ್ಯಾಡ್ರಿ. ನನ್ ಸಿಟ್ಟ್ ನಂಗ ಪಿಂಚಣಿ ಜೋಡಿ ತಿಂಗಳಾ ತಿಂಗಳಾ ಬರ್ತದ, ತಪ್ಪಂಗಿಲ್ಲ. ನೀವು ಪತ್ರಿಕಿ ಸಲುವಾಗಿ ಮಾಡ್ರಿ.”

“ಇನ್ನೇನು ಮಾಡಲಿ ಮೇಡಂ? ಮುಗಿಯಿತಲ್ಲ.”

“ಹ್ಯಾಂಗ ಮುಗೀತು? ಮೂರ್ ವರ್ಷಕ್ಕೊಮ್ಮೆ ಪಠ್ಯಕ್ರಮ ಬದಲಿ ಮಾಡ್ತಾರಲ್ಲ. ಆವಾಗ ಮತ್ತ ಇಡ್ರಿ. ನನ್ ಕಾರ್ಡ್ ನಿಮ್ ಹತ್ರಾನ ಅದಾವ. ಆದ್ರ ಈ ಸಲ ನಡಾವಳಿ ಛಂದಾಗಿ ಬರೀರಿ.”

“ಈಗ ಓದಲು ಆಗುತ್ತದೆಯೇ?” ಎಂದು ಕೇಳಿದೆ.

“ದೊಡ್ಡ ಅಕ್ಷರ ಆಗ್ತದ. ಚುಕ್ಕಿ ಕಾಣವಲ್ಲವು.” ಗಾಡಿಯ ಘೋಷಣೆ ಕೇಳಿ ತಂಗಿ ಚೀಲ ಎತ್ತಿಕೊಂಡರು. ಮೇಡಂ ಎದ್ದು, ಯಾರ ಕೈಯನ್ನೂ ಹಿಡಿಯದೆ, ಬೋಗಿಯ ಮೇಲಿನ ಅಂಕಿಯನ್ನು ಜೋರಾಗಿ ಓದಿ, “ಇದೇ ಏನು?” ಎಂದು ತಂಗಿಯನ್ನು ಕೇಳಿದರು. ಅಂಕಿಯನ್ನು ತಪ್ಪಾಗಿ ಓದಿದ್ದರು. ತಂಗಿ ಸುಮ್ಮನೆ ಹೂಂ ಎಂದು ಸರಿಯಾದ ಬೋಗಿಗೇ ಹತ್ತಿಸಿದರು.

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಗುಂಡಗುರ್ತಿಯಲ್ಲಿ ಸಮಾಧಿಯಾಯಿತು. ನಾನು ಹೋಗಿದ್ದೆ; ಕಾಳಗಿಯಿಂದ ರೇಣುಕಾ ಬಂದಿದ್ದಳು. ಕೇಂದ್ರದಿಂದ ಯಾರೂ ಬಂದಿರಲಿಲ್ಲ.

ಪಠ್ಯಕ್ರಮದ ಪರಿಷ್ಕರಣೆ ಕಳೆದ ವರ್ಷ ನಡೆಯಿತು. ನಾನು ಆ ಕಾರ್ಡುಗಳನ್ನು ಬೆರಳಚ್ಚು ಮಾಡಿಸಿ, ರಚಿಸಿದವರು ಕಾಶಿಬಾಯಿ ಎಂದು ಮೇಲೆ ಬರೆಸಿ, ಸಮಿತಿಯ ಮುಂದಿಟ್ಟೆ. ಹೊಸ ಅಧ್ಯಕ್ಷರು ಒಳ್ಳೆಯವರು. ಪೂರ್ತಿ ಓದಿದರು, ಎರಡು ಸಲ ಓದಿದರು, ಇಂಥದ್ದು ಬೇಕು ಎಂದರು. ಇದನ್ನು ಕಲಿಸಬಲ್ಲವರು ಯಾರಿದ್ದಾರೆ ಎಂದು ನನ್ನನ್ನೇ ಕೇಳಿದರು. ಚಿತ್ತಾಪುರ, ಶಹಾಬಾದ್, ಕಲಬುರಗಿಗಳಲ್ಲಿ ಎರಡು ತಿಂಗಳು ಹುಡುಕಿದೆ. ಅಚ್ಚಿನ ಉರ್ದು ಓದುವವರು ಬೇಕಾದಷ್ಟು ಮಂದಿ ಸಿಕ್ಕರು, ಆ ಹಳೆಯ ಕೈಬರಹ ಓದಬಲ್ಲವರು ಯಾರೂ ಸಿಗಲಿಲ್ಲ. ನಡಾವಳಿಯಲ್ಲಿ ಈ ಸಲ ಹೀಗೆ ಬರೆದೆ: ‘ಅಧ್ಯಕ್ಷರೂ ಸದಸ್ಯರೂ ಕಾರ್ಯದರ್ಶಿಯಾದ ನಾನೂ ಸೇರಿ ಆ ಪತ್ರಿಕೆಯನ್ನು ಕೈಬಿಟ್ಟೆವು.’